ರಜೆಗೆ ಗ್ಲುಟೆನ್ ಇಲ್ಲದ, ಹಗುರವಾದ ಹಣ್ಣಿನ ಸಿಹಿ ಏನು ಮಾಡಲಿ?

ಹಣ್ಣಿನಬುಟ್ಟಿ

ಎಲ್ಲರಿಗೂ ನಮಸ್ಕಾರ. ಈ ರಜೆಗೆ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತೇವೆ. ಅಕ್ಕನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಹೋದ ವರ್ಷ ಗೊತ್ತಾಯಿತು. ಗ್ಲುಟೆನ್ ಅನ್ನುವ ಪ್ರೋಟೀನು ಇರುವ ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಅವಳಿಗೆ ಆಗುವುದಿಲ್ಲ. ಹೋದ ಸಲ ಮೈದಾ ಬದಲು ಅಷ್ಟೇ ಅಳತೆಯ ಅಕ್ಕಿ ಹಿಟ್ಟು ಹಾಕಿ ಹಣ್ಣಿನ ಕೇಕ್ ಮಾಡಿದ್ದೆ, ಚಾಕು ಇಟ್ಟ ಕೂಡಲೇ ಉದುರಿಹೋಯಿತು, ಬಾಯಿಗೆ ಹಾಕಿದರೆ ಬರೀ ತರಿತರಿ. ಅವಳು ಪಾಪ "ಚೆನ್ನಾಗಿದೆ ಚಿಕ್ಕಮ್ಮ" ಅಂತ ತಿಂದಳು. ಪಕ್ಕದಲ್ಲಿ ಉಳಿದವರೆಲ್ಲ ಬೇರೆ ಕೇಕ್ ತಿನ್ನುತ್ತಿದ್ದರು. ಅವಳೊಬ್ಬಳಿಗೇ ಬೇರೆ ತಟ್ಟೆ ಇಟ್ಟಿದ್ದು ನನಗೆ ತುಂಬಾ ಬೇಜಾರಾಯಿತು.

ಈ ಸಲ ಎಲ್ಲರಿಗೂ ಒಂದೇ ಸಿಹಿ ಇರಬೇಕು. ಊಟ ಜೋರಾಗಿರುತ್ತದೆ, ಹಾಗಾಗಿ ಸಿಹಿ ಹಗುರವಾಗಿದ್ದರೆ ಒಳ್ಳೆಯದು. ಓವನ್ ಇದೆ. ಹಣ್ಣು ಎಷ್ಟಾದರೂ ಹಾಕಬಹುದು. ಇಬ್ಬರು ಮಾತ್ರ ಮೊಟ್ಟೆ ತಿನ್ನುವುದಿಲ್ಲ.

ಬಿಳಿಮೋಡ

ಕೇಕ್ ಯೋಚನೆ ಬಿಟ್ಟುಬಿಡಿ. ನಿಮ್ಮ ಕೈಯಲ್ಲಿ ತಪ್ಪಿಲ್ಲ. ಗೋಧಿ ಹಿಟ್ಟಿಗೆ ನೀರು ಬಿದ್ದು ಕಲಸಿದಾಗ ಗ್ಲುಟೆನ್ ಬಲೆಯ ಹಾಗೆ ಹರಡಿ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಅಕ್ಕಿ ಹಿಟ್ಟಿನಲ್ಲಿ ಆ ಬಲೆಯೇ ಇಲ್ಲ, ಅದಕ್ಕೇ ಉದುರಿದ್ದು. ಮೊದಲಿಂದಲೂ ಹಿಟ್ಟೇ ಬೇಡದ ಸಿಹಿ ಮಾಡಿದರೆ ಯಾರಿಗೂ "ಇದು ಬದಲಿ" ಅಂತ ಅನ್ನಿಸುವುದಿಲ್ಲ.

ನಾನಾದರೆ ಪಾವ್ಲೋವಾ ಮಾಡುತ್ತೇನೆ. 1926ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗಿದ್ದ ನೃತ್ಯಗಾತಿ ಅನ್ನಾ ಪಾವ್ಲೋವಾ ಹೆಸರಿನ ಸಿಹಿ ಇದು, ಮೊದಲು ಮಾಡಿದ್ದು ಯಾರು ಅಂತ ಆ ಎರಡೂ ದೇಶದವರು ಇವತ್ತಿಗೂ ವಾದ ಮಾಡುತ್ತಾರೆ. ಹೊರಗೆ ಗರಿಗರಿ, ಒಳಗೆ ಹತ್ತಿಯ ಹಾಗೆ ಮೆತ್ತಗೆ.

4 ಮೊಟ್ಟೆಯ ಬಿಳಿ ಸಾಕು, 8 ರಿಂದ 10 ಜನಕ್ಕೆ ಆಗುತ್ತದೆ. ಹಳದಿ ಒಂದು ಹನಿಯೂ ಬೀಳಬಾರದು, ಪಾತ್ರೆಯಲ್ಲಿ ಎಣ್ಣೆಯ ಪಸೆ ಇರಬಾರದು, ಇದ್ದರೆ ನೊರೆ ಏಳುವುದೇ ಇಲ್ಲ. ಬಿಳಿಯನ್ನು ಚೆನ್ನಾಗಿ ಕಡೆಯಿರಿ, ನೊರೆ ಗಟ್ಟಿಯಾಗುತ್ತಾ ಬಂದಾಗ 220 ಗ್ರಾಂ ಸಣ್ಣ ಸಕ್ಕರೆಯನ್ನು ಒಂದೊಂದೇ ಚಮಚ ಹಾಕುತ್ತಾ ಹೋಗಿ. ಇಲ್ಲಿ ಅವಸರ ಮಾಡಬೇಡಿ. ಬೆರಳುಗಳ ನಡುವೆ ಉಜ್ಜಿ ನೋಡಿದರೆ ಸಕ್ಕರೆ ಹರಳು ಸಿಗಬಾರದು, ಕರಗದೆ ಉಳಿದ ಸಕ್ಕರೆ ಆಮೇಲೆ ಪಾಕದ ಹಾಗೆ ತಳದಲ್ಲಿ ಒಸರುತ್ತದೆ. ಕೊನೆಗೆ 2 ಟೀಚಮಚ ಕಾರ್ನ್‌ಫ್ಲೋರ್, 1 ಟೀಚಮಚ ವಿನೆಗರ್ ಹಾಕಿ ಮೆಲ್ಲಗೆ ಬೆರೆಸಿ. ಬೇಕಿಂಗ್ ಪೇಪರ್ ಮೇಲೆ ದುಂಡಗೆ ಹರಡಿ, ನಡುವೆ ಸ್ವಲ್ಪ ಗುಂಡಿ ಮಾಡಿ. ಓವನ್ 150 ಡಿಗ್ರಿಗೆ ಕಾದಿರಲಿ, ಒಳಗಿಟ್ಟ ತಕ್ಷಣ 120ಕ್ಕೆ ಇಳಿಸಿ, ಒಂದೂಕಾಲು ಗಂಟೆ ಬಿಡಿ. ಆಮೇಲೆ ಓವನ್ ಆರಿಸಿ, ಬಾಗಿಲು ತುಸು ತೆರೆದು ಅಲ್ಲೇ ತಣ್ಣಗಾಗಲಿ. ಬಿರುಕು ಬಿಟ್ಟರೆ ಚಿಂತೆ ಬೇಡ, ಮೇಲೆ ಹಣ್ಣು ಬರುತ್ತಲ್ವಾ.

ಇದೇ ತುಂಬಾ ಸಿಹಿ, ಹಾಗಾಗಿ ಮೇಲೆ ಹಾಕುವ ಕ್ರೀಮಿಗೆ ಸಕ್ಕರೆ ಹಾಕಬೇಡಿ. ಹಣ್ಣು ಹುಳಿಯಾಗಿದ್ದಷ್ಟೂ ರುಚಿ: ಕಿವಿ, ಸ್ಟ್ರಾಬೆರಿ, ದಾಳಿಂಬೆ, ಪ್ಯಾಶನ್ ಫ್ರೂಟ್. ಹಿಂದಿನ ದಿನವೇ ಸುಟ್ಟು ಗಾಳಿಯಾಡದ ಡಬ್ಬಿಯಲ್ಲಿಡಬಹುದು. ಕ್ರೀಮು, ಹಣ್ಣು ಮಾತ್ರ ಬಡಿಸುವ ಹೊತ್ತಿಗೇ ಹಾಕಿ.

ತಣ್ಣನೆಬಟ್ಟಲು

ಮೊಟ್ಟೆ ತಿನ್ನದ ಇಬ್ಬರಿಗೆ ಬೇರೆ ಮಾಡಿದರೆ ಮತ್ತೆ ಅದೇ ಬೇರೆ ತಟ್ಟೆಯ ಕಥೆ ಆಗುತ್ತಲ್ವಾ? ಅಗರ್ ಅಗರ್ (ಜೆಲ್ಲಿ ಗಟ್ಟಿಯಾಗಿಸುವ ಪುಡಿ) ಹಾಕಿ ಹಣ್ಣಿನ ಜೆಲ್ಲಿ ಮಾಡಿ, ಎಲ್ಲರೂ ತಿನ್ನಬಹುದು, ಪಾವ್ಲೋವಾಗಿಂತ ಹಗುರ ಕೂಡ.

200 ಎಂಎಲ್ ನೀರಿಗೆ 4 ಗ್ರಾಂ ಅಗರ್ ಪುಡಿ ಹಾಕಿ, ಕೈಯಾಡಿಸುತ್ತಾ 2-3 ನಿಮಿಷ ಚೆನ್ನಾಗಿ ಕುದಿಸಿ. ಕೆಳಗಿಳಿಸಿ 300 ಎಂಎಲ್ ಹಣ್ಣಿನ ರಸ ಬೆರೆಸಿ. ರಸ ಫ್ರಿಜ್‌ನಿಂದ ತೆಗೆದ ಹಾಗೇ ಹಾಕಬೇಡಿ, ಅಲ್ಲಲ್ಲೇ ಗಂಟು ಕಟ್ಟುತ್ತದೆ. ಹುಳಿ ರಸವನ್ನು ಅಗರ್ ಜೊತೆ ಕುದಿಸಲೂಬಾರದು, ಆಮೇಲೆ ಗಟ್ಟಿಯಾಗುವುದು ಕಷ್ಟ. ಗಾಜಿನ ಬಟ್ಟಲಲ್ಲಿ ಹಣ್ಣಿನ ಹೋಳು ಹಾಕಿ ಮೇಲೆ ಸುರಿಯಿರಿ. ಹೊರಗೇ ಗಟ್ಟಿಯಾಗುತ್ತದೆ, ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿವರೆಗೆ ಕರಗುವುದಿಲ್ಲ, ಊಟ ತಡವಾದರೂ ಮೇಜಿನ ಮೇಲೆ ಹಾಗೇ ಇರುತ್ತದೆ.

ಹಣ್ಣಿನಬುಟ್ಟಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಹಿಂದೊಮ್ಮೆ ಜೆಲಾಟಿನ್‌ನಲ್ಲಿ ಹಸಿ ಅನಾನಸ್ ಹಾಕಿದ್ದೆ, ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟರೂ ನೀರಾಗಿಯೇ ಇತ್ತು. ಅಗರ್‌ನಲ್ಲೂ ಹಾಗೆ ಆಗುತ್ತದಾ?

ತಣ್ಣನೆಬಟ್ಟಲು

ಇಲ್ಲ, ಧೈರ್ಯವಾಗಿ ಹಾಕಿ. ಜೆಲಾಟಿನ್ ಅಂದರೆ ಪ್ರೋಟೀನು. ಹಸಿ ಅನಾನಸ್, ಪಪ್ಪಾಯ, ಕಿವಿಯಲ್ಲಿರುವ ಕಿಣ್ವಗಳು ಪ್ರೋಟೀನನ್ನು ಕತ್ತರಿಸಿಹಾಕುತ್ತವೆ. ಅಗರ್ ಸಮುದ್ರದ ಪಾಚಿಯಿಂದ ಬರುವುದು, ಅದರಲ್ಲಿ ಕತ್ತರಿಸಲು ಪ್ರೋಟೀನೇ ಇಲ್ಲ.

ಏಳುವರ್ಷದಿಂದ

ನನಗೇ ಸೀಲಿಯಾಕ್ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಸಿಹಿ ಯಾವುದಾದರೂ ಆಗಲಿ, ದಯವಿಟ್ಟು ಅಡುಗೆಮನೆ ಕಡೆ ಗಮನ ಕೊಡಿ. ಒಂದು ಚಿಟಿಕೆ ಮೈದಾ ಬಿದ್ದರೂ ನಮಗೆ ತೊಂದರೆ. ಮೈದಾ ಜರಡಿ ಹಿಡಿಯುವ ಜರಡಿಯಲ್ಲಿ ಕಾರ್ನ್‌ಫ್ಲೋರ್ ಹಾಕಬೇಡಿ, ಎಷ್ಟು ತೊಳೆದರೂ ಸಂದಿಯಲ್ಲಿ ಉಳಿಯುತ್ತದೆ. ಮರದ ಸೌಟೂ ಹಾಗೆಯೇ. ಕಾರ್ನ್‌ಫ್ಲೋರ್ ಅಂತ ಬರೆದಿದ್ದರೂ ಕೆಲವು ಪೊಟ್ಟಣಗಳಲ್ಲಿ ಗೋಧಿಯ ಪಿಷ್ಟ ಇರುತ್ತದೆ, ಪುಡಿ ಸಕ್ಕರೆಯಲ್ಲೂ ಪಿಷ್ಟ ಬೆರೆಸುತ್ತಾರೆ, ಹಿಂದೆ ಬರೆದಿದ್ದನ್ನು ಪೂರ್ತಿ ಓದಿ. ವಿನೆಗರ್ ಮಾಲ್ಟ್‌ನದ್ದು ಬೇಡ, ಅದು ಬಾರ್ಲಿಯಿಂದ ಮಾಡಿದ್ದು, ನಿಂಬೆರಸ ಹಾಕಿದರೆ ಆಯಿತು. ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಇರುವ ಮಿತಿ ಒಂದು ಕಿಲೋಗೆ 20 ಮಿಲಿಗ್ರಾಂ. ಎಷ್ಟು ಕಮ್ಮಿ ಅಂತ ನೀವೇ ನೋಡಿ.

ಇನ್ನೊಂದು, ಬಿಸ್ಕತ್ತು ಇಟ್ಟ ತಟ್ಟೆಯ ಚಮಚ ಜೆಲ್ಲಿ ಬಟ್ಟಲಿಗೆ ಬರುತ್ತದೆ, ಯಾರೂ ಬೇಕು ಅಂತ ಮಾಡುವುದಿಲ್ಲ, ಮಾತಾಡುತ್ತಾ ಹಾಗಾಗುತ್ತದೆ. ಮೊದಲ ಬಟ್ಟಲು ಅವಳಿಗೇ ಕೊಟ್ಟುಬಿಡಿ.

ಹಣ್ಣಿನಬುಟ್ಟಿ

ಜರಡಿ ವಿಷಯ ನನಗೆ ಹೊಳೆದೇ ಇರಲಿಲ್ಲ, ಹೋದ ಸಲ ಅದೇ ಜರಡಿ ಬಳಸಿದ್ದೆ. ಹೊಸದು ತರುತ್ತೇನೆ. ಅಗರ್ ಜೆಲ್ಲಿಯೇ ಮಾಡುತ್ತೇನೆ, ಕಿತ್ತಳೆ ರಸದಲ್ಲಿ ಅನಾನಸ್, ದಾಳಿಂಬೆ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಲೋಟದಲ್ಲಿ. ಆಗ ಬಡಿಸುವ ಚಮಚವೇ ಬೇಡ, ಅಲ್ವಾ? ಶನಿವಾರ ಒಂದು ಸಲ ಮಾಡಿ ನೋಡಿ ಇಲ್ಲೇ ಬರೆಯುತ್ತೇನೆ.