ಸಹಾಯ ಬೇಕು: ಮುಖ ಜಿಡ್ಡು, ತೊಳೆದರೆ ಉರಿ

ನಮಸ್ಕಾರ. ನಾನು ಉಡುಪಿಯವಳು, ದಿನಾ ಬಸ್ಸಲ್ಲಿ ಮಣಿಪಾಲಕ್ಕೆ ಓಡಾಟ. ಈ ಸೆಕೆಗೆ ಮಧ್ಯಾಹ್ನದೊಳಗೆ ಹಣೆ, ಮೂಗು ಪೂರ್ತಿ ಜಿಡ್ಡು, ಆದರೆ ಸೋಪು ಹಾಕಿ ತೊಳೆದ ಕೂಡಲೇ ಕೆನ್ನೆ ಬಿಗಿದು ಬಾಯಿಯ ಪಕ್ಕ ಬಿಳಿ ಹೊಟ್ಟು ಏಳುತ್ತದೆ. ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5, ಮಾಮೂಲಿ ಸೋಪಿನದು 9–10, ಅಂದರೆ ಕ್ಷಾರ ಜಾಸ್ತಿ, ಹಾಗಾಗಿ ಪದೇ ಪದೇ ತೊಳೆದರೆ ನೀರು ಹಿಡಿದಿಡುವ ಕೊಬ್ಬಿನಂಶವೂ ಹೋಗುತ್ತದೆ ಅಂತ ಗೊತ್ತು. ಸೋಪು ಬಿಡುವುದಂತೂ ಖಂಡಿತ. ಅಮ್ಮ ತೆಂಗಿನೆಣ್ಣೆ ಹಚ್ಚು ಅಂತಾರೆ (ನಮ್ಮನೆಯಲ್ಲಿ ಎಲ್ಲದಕ್ಕೂ ಅದೇ ಮದ್ದು!), ಮೊಡವೆ ಬರುವ ಮುಖಕ್ಕೆ ಅದು ಬೇಡ ಅಲ್ವಾ? ಅಂಟಂಟಾಗದ ಮಾಯಿಶ್ಚರೈಸರ್, ಬೆವರಿನ ಜೊತೆ ಇಳಿದು ಕಣ್ಣು ಉರಿಸದ ಸನ್‌ಸ್ಕ್ರೀನ್ ಯಾವುದು ಬಳಸುತ್ತೀರಿ? ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಸಾಕಾ? ಇಲ್ಲಿ ಒಳ್ಳೆಯ ಚರ್ಮದ ಡಾಕ್ಟರ್ ಗೊತ್ತಿದ್ದರೂ ಹೇಳಿ. ಬೆಳ್ಳಗಾಗುವ ಕ್ರೀಮ್ ಮಾರುವವರು ಸುಮ್ನೆ ಇನ್‌ಬಾಕ್ಸಿಗೆ ಬರಬೇಡಿ.