ಎನ್‌ಕೋರ್ ಗೈಡ್ ಪುಸ್ತಕ ಇದೆ, ಸಾಫ್ಟ್‌ವೇರ್ ಮಾತ್ರ ಡಿವಿಡಿಸ್ಟೈಲರ್: ಬಯಲಾಟದ ಡಿವಿಡಿ ಮಾಡೋದು ಹೇಗೆ?

ಚೌಕಿಮನೆ (ಸಾಗರ):

ನಮಸ್ಕಾರ. ಡಿವಿಡಿ ಕಟ್ಟುವ ಸಾಫ್ಟ್‌ವೇರ್ ಅಡೋಬಿ ಎನ್‌ಕೋರ್ ಕಲಿಸುವ ಇಂಗ್ಲಿಷ್ ಗೈಡ್ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಪಾಠದ ಫೈಲುಗಳಿದ್ದ ಡಿಸ್ಕ್ ಅದರ ಜೊತೆಗಿಲ್ಲ. ಕಂಪ್ಯೂಟರಿನಲ್ಲಿ ಎನ್‌ಕೋರ್ ಕೂಡ ಇಲ್ಲ, ಪುಕ್ಕಟೆ ಸಿಗುವ ಡಿವಿಡಿಸ್ಟೈಲರ್ ಹಾಕಿಕೊಂಡಿದ್ದೇನೆ. ಊರಿನ ಬಯಲಾಟದ ರೆಕಾರ್ಡಿಂಗ್ ಇದೆ: 2 ಗಂಟೆ 40 ನಿಮಿಷ, ಕ್ಯಾಮೆರಾದ 1080 50ಐ ಫೈಲ್. ಹಿರಿಯರ ಮನೆಗಳಲ್ಲಿ ಡಿವಿಡಿ ಪ್ಲೇಯರೇ ಇರುವುದರಿಂದ ಡಿಸ್ಕೇ ಬೇಕು, 25 ಸೆಟ್.

ಪುಸ್ತಕದಲ್ಲಿ ಹೇಳಿದ ಮೆನು, ಪ್ಯಾನೆಲ್ ಯಾವುದೂ ನನ್ನ ಪರದೆಯಲ್ಲಿ ಇಲ್ಲ. ಪುಸ್ತಕ ಬದಿಗಿಡಲಾ, ಓದಲಾ? 2 ಗಂಟೆ 40 ನಿಮಿಷ ಒಂದೇ ಡಿಸ್ಕಿಗೆ ಹಿಡಿಯುತ್ತದಾ?

ತುಂಗೆದಂಡೆ (ಶಿವಮೊಗ್ಗ):

ಪುಸ್ತಕ ಬಿಸಾಡಬೇಡಿ ಮಾರಾಯ್ರೆ. ಎನ್‌ಕೋರ್ 2012ರ ಸಿಎಸ್6ಗೆ ನಿಂತುಹೋಯಿತು, ಅದರ ಮುಂದಿನ ಆವೃತ್ತಿ ಬರಲೇ ಇಲ್ಲ. ಆದರೆ ಪುಸ್ತಕ ಕಲಿಸುವುದು ಸಾಫ್ಟ್‌ವೇರಿಗಿಂತ ಹೆಚ್ಚಾಗಿ ಡಿವಿಡಿಯ ಕಟ್ಟೋಣವನ್ನು, ಅದು ಬದಲಾಗಿಲ್ಲ. ವಿಡಿಯೋ ಒಳಗೆ ತರುವುದು, ಟೈಮ್‌ಲೈನ್, ಚಾಪ್ಟರ್, ಮೆನು, ಬಟನ್ನಿಗೆ ಲಿಂಕ್, ತಪಾಸಣೆ, ಬಿಲ್ಡ್: ಯಾವ ಸಾಫ್ಟ್‌ವೇರಿನಲ್ಲೂ ದಾರಿ ಇದೇ.

ಪುಸ್ತಕದ ಪದಗಳನ್ನು ಹೀಗೆ ಓದಿಕೊಳ್ಳಿ. ಎನ್‌ಕೋರಿನ ಟೈಮ್‌ಲೈನ್ ಅಂದರೆ ನಿಮ್ಮಲ್ಲಿ ಟೈಟಲ್. "ಎಂಡ್ ಆಕ್ಷನ್" ಅಂದರೆ ಆಟ ಮುಗಿದ ಮೇಲೆ ಪ್ಲೇಯರ್ ಎಲ್ಲಿಗೆ ಹೋಗಬೇಕು ಎಂಬುದು. ಡಿವಿಡಿಸ್ಟೈಲರಿನಲ್ಲಿ ಟೈಟಲ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಪೋಸ್ಟ್ ಕಮಾಂಡ್ ಎಂಬ ಜಾಗ ಇದೆ, "ಕಾಲ್ ವಿಎಂಜಿಎಂ ಮೆನು 1" ಎಂಬ ಆಜ್ಞೆ (ಡಿಸ್ಕಿನ ಮುಖ್ಯ ಮೆನುವಿಗೆ ಹೋಗು ಎಂದರ್ಥ) ಅಲ್ಲಿ ಇರಲಿ. ಇದು ತಪ್ಪಿದರೆ ಮಂಗಳ ಹಾಡಿ ಮುಗಿದ ಮೇಲೆ ಪರದೆ ಕಪ್ಪಾಗಿ ನಿಲ್ಲುತ್ತದೆ, ನೋಡುವವರು ಡಿಸ್ಕ್ ಹಾಳಾಯಿತು ಅಂದುಕೊಳ್ಳುತ್ತಾರೆ. ಎನ್‌ಕೋರಿನಲ್ಲಿ "ಚೆಕ್ ಪ್ರಾಜೆಕ್ಟ್" ಎಂಬ ಗುಂಡಿ ಇಂಥ ತಪ್ಪನ್ನೆಲ್ಲ ಪಟ್ಟಿ ಮಾಡಿ ಕೊಡುತ್ತದೆ. ನಿಮಗೆ ಆ ಸೌಕರ್ಯ ಇಲ್ಲ. ಆ ಅಧ್ಯಾಯವನ್ನು ಓದಿ, ಅಲ್ಲಿರುವ ತಪ್ಪುಗಳ ಪಟ್ಟಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಕೈಯಲ್ಲೇ ಪರೀಕ್ಷೆ ಮಾಡಿ.

ಪುಸ್ತಕದ ಅಂಕಿಗಳನ್ನು ಮಾತ್ರ ನಂಬಬೇಡಿ. ಅಮೆರಿಕದ ಓದುಗರಿಗೆ ಬರೆದ ಪುಸ್ತಕಗಳೆಲ್ಲ ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ: 720×480, ಸೆಕೆಂಡಿಗೆ 29.97 ಫ್ರೇಮ್. ನಮ್ಮ ಟಿವಿ ಪದ್ಧತಿ ಪಾಲ್: 720×576, 25 ಫ್ರೇಮ್. ಪಾಠದಲ್ಲಿ ಸಮಯದ ಅಂಕಿಗಳ ನಡುವೆ ಅರ್ಧವಿರಾಮ ಕಂಡರೆ ಅದು ಎನ್‌ಟಿಎಸ್‌ಸಿಯ ಡ್ರಾಪ್‌ಫ್ರೇಮ್ ಲೆಕ್ಕ (ನಡುನಡುವೆ ಫ್ರೇಮ್ ಸಂಖ್ಯೆ ಬಿಟ್ಟು ಎಣಿಸುವುದು). ಪಾಲ್‌ನಲ್ಲಿ ಫ್ರೇಮ್ ಸಂಖ್ಯೆ 00ರಿಂದ 24ರವರೆಗೆ ಮಾತ್ರ, "27ನೇ ಫ್ರೇಮಿಗೆ ಹೋಗಿ" ಎಂದು ಬರೆದಿದ್ದರೆ ಅದು ನಿಮ್ಮಲ್ಲಿ ಇರುವುದೇ ಇಲ್ಲ.

ಪಾಠದ ಫೈಲಿಲ್ಲ ಅಂತ ಕೊರಗಬೇಡಿ. ನಿಮ್ಮ ಆಟದಿಂದಲೇ ಒಂದೊಂದು ನಿಮಿಷದ ಮೂರು ತುಂಡು ಕತ್ತರಿಸಿ: ಒಡ್ಡೋಲಗ ಒಂದು, ಮಾತುಗಾರಿಕೆ ಒಂದು, ಯುದ್ಧದ ಕುಣಿತ ಒಂದು. ಈ ಮೂರು ನಿಮಿಷದ ಮೇಲೆ ಮೊದಲಿಂದ ಕೊನೆಯವರೆಗೆ ಒಂದು ಸುತ್ತು ಹೋಗಿ ಡಿವಿಡಿ-ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕ್) ಬರೆದು ಟಿವಿಯಲ್ಲಿ ನೋಡಿ. ಮೆನು ಅಲಂಕಾರದ ಅಧ್ಯಾಯಗಳು ಅದಾದ ಮೇಲೆ. ಇಂಥ ಪುಸ್ತಕಗಳು ಮೆನುವಿಗೆ ನೂರು ಪುಟ ಕೊಟ್ಟು ಬಿಟ್‌ರೇಟಿಗೆ (ಸೆಕೆಂಡಿಗೆ ಎಷ್ಟು ಡೇಟಾ ಎಂಬ ಲೆಕ್ಕಕ್ಕೆ) ಎರಡು ಪುಟ ಕೊಡುತ್ತವೆ. ಕೆಲಸ ಕೆಡುವುದು ಆ ಎರಡು ಪುಟದಲ್ಲಿ.

ಕೇದಿಗೆಮುಂದಲೆ (ತೀರ್ಥಹಳ್ಳಿ):

ಆ ಎರಡು ಪುಟದ ಲೆಕ್ಕ ನಾನು ಹಾಕುತ್ತೇನೆ.

ಒಂದು ಪದರದ ಡಿಸ್ಕ್ 4.7 ಜಿಬಿ ಅಂದರೆ 470 ಕೋಟಿ ಬೈಟ್. ವಿಂಡೋಸ್ ಅದನ್ನೇ 4.38 ಅಂತ ತೋರಿಸುತ್ತದೆ, ಗಾಬರಿ ಬೇಡ. 2 ಗಂಟೆ 40 ನಿಮಿಷ ಅಂದರೆ 9,600 ಸೆಕೆಂಡು. 4.7 ಅನ್ನು 8ರಿಂದ ಗುಣಿಸಿ 9,600ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 3.9 ಮೆಗಾಬಿಟ್. ಮೆನು ಮತ್ತು ಇತರ ಖರ್ಚಿಗೆ 5% ತೆಗೆಯಿರಿ, ಧ್ವನಿಗೆ 0.2 ತೆಗೆಯಿರಿ. ವಿಡಿಯೋಕ್ಕೆ ಉಳಿಯುವುದು 3.5. ಒಬ್ಬರೇ ಕೂತು ಭಾಷಣ ಮಾಡುವ ದೃಶ್ಯಕ್ಕೆ ಇದು ಧಾರಾಳ. ಯಕ್ಷಗಾನಕ್ಕೆ ಸಾಲದು. ಭುಜಕೀರ್ತಿಯ ಮಿನುಗು, ವೇಷದ ಜರಿ, ಗಿರಕಿ ಹೊಡೆಯುವ ಕುಣಿತ, ಹಿಂದೆ ಕತ್ತಲು: ಡಿವಿಡಿಯ ವಿಡಿಯೋ ಕುಗ್ಗಿಸುವ ಎಂಪೆಗ್-2ಗೆ ಇದಕ್ಕಿಂತ ಕಷ್ಟದ ದೃಶ್ಯ ಕಡಿಮೆ. ಗಿರಕಿ ಶುರುವಾದ ಕೂಡಲೇ ಮುಖ ಚೌಕ ಚೌಕವಾಗಿ ಒಡೆಯುತ್ತದೆ.

ಎರಡು ಡಿಸ್ಕ್ ಮಾಡಿ. 80 ನಿಮಿಷಕ್ಕೆ ಒಂದು ಡಿಸ್ಕ್ ಅಂದರೆ ಇದೇ ಲೆಕ್ಕದಲ್ಲಿ ವಿಡಿಯೋಕ್ಕೆ 7 ಮೆಗಾಬಿಟ್ ಸಿಗುತ್ತದೆ. ಸರಿಯಾಗಿ ಅರ್ಧಕ್ಕೆ ಕತ್ತರಿಸಬೇಕಿಲ್ಲ, ಪ್ರಸಂಗದಲ್ಲಿ ಒಂದು ಸಂಧಿ ಮುಗಿದು ಮುಂದಿನ ಒಡ್ಡೋಲಗ ಶುರುವಾಗುವ ಕಡೆ ಕತ್ತರಿಸಿ. 75 ಮತ್ತು 85 ನಿಮಿಷ ಬಂದರೂ ತೊಂದರೆ ಇಲ್ಲ. ಎರಡು ಪದರದ 8.5 ಜಿಬಿ ಡಿಸ್ಕಿನಲ್ಲಿ ಒಂದರಲ್ಲೇ ಆಗುತ್ತದೆ, ಆದರೆ ಅದು ದುಬಾರಿ, ಹಳೇ ಪ್ಲೇಯರುಗಳು ಪದರ ಬದಲಾಗುವಲ್ಲಿ ಕ್ಷಣ ನಿಲ್ಲುತ್ತವೆ, ಕೆಲವು ಓದುವುದೇ ಇಲ್ಲ. 25 ಮನೆಗೆ ಹಂಚುವ ಡಿಸ್ಕಿಗೆ ಅದು ಬೇಡ.

ನಿಯಮದ ಪ್ರಕಾರ ವಿಡಿಯೋ 9.8 ಮೆಗಾಬಿಟ್‌ವರೆಗೆ ಹೋಗಬಹುದು, ಧ್ವನಿ ಎಲ್ಲ ಸೇರಿ 10.08. ಮನೆಯಲ್ಲಿ ಬರೆದ ಡಿಸ್ಕಿಗೆ ಆ ಮಿತಿ ಮುಟ್ಟಬೇಡಿ. ಗರಿಷ್ಠವನ್ನು 8ಕ್ಕೆ ಕಟ್ಟಿ. ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿ ಪ್ಲೇಯರಿನಲ್ಲಿ ಯುದ್ಧದ ದೃಶ್ಯಕ್ಕೆ ಸರಿಯಾಗಿ ತಡವರಿಸುವ ಡಿಸ್ಕಿನ ಕಾಯಿಲೆ ಬಹಳ ಸಲ ಇದೇ.

ಧ್ವನಿ: ಎಸಿ3 (ಕುಗ್ಗಿಸಿದ ಧ್ವನಿ), ಸ್ಟೀರಿಯೋ, 48 ಕಿಲೋಹರ್ಟ್ಸ್. 192 ಕಿಲೋಬಿಟ್ ಸಾಕು ಅನ್ನುತ್ತಾರೆ, ಚೆಂಡೆಯ ಚುರುಕು ಪೆಟ್ಟಿಗೆ 256 ಕೊಟ್ಟರೆ ಒಳ್ಳೆಯದು. ಪಿಸಿಎಂ (ಕುಗ್ಗಿಸದ ಧ್ವನಿ) ಆಯ್ಕೆ ಮಾಡಬೇಡಿ. ಅದು 1.5 ಮೆಗಾಬಿಟ್ ನುಂಗುತ್ತದೆ, 2 ಗಂಟೆ 40 ನಿಮಿಷಕ್ಕೆ ಬರೀ ಧ್ವನಿಯೇ 1.8 ಜಿಬಿ ಆಗಿಬಿಡುತ್ತದೆ.

ಇನ್ನೊಂದು, ನಿಮ್ಮ ಫೈಲು 50ಐ. ಪ್ರತಿ ಫ್ರೇಮಿನಲ್ಲಿ ಎರಡು ಹೊತ್ತಿನ ಗೆರೆಗಳು ಹೆಣೆದುಕೊಂಡಿರುತ್ತವೆ. ಆ 1080 ಗೆರೆಗಳನ್ನು ಹಾಗೇ 576ಕ್ಕೆ ಕುಗ್ಗಿಸಿದರೆ ಎರಡೂ ಕಲಸಿಹೋಗಿ, ಕೈ ಬೀಸಿದಾಗ ನೆರಳಿನಂಥ ಎರಡನೇ ಕೈ ಕಾಣುತ್ತದೆ. ನಿಮಗೆ ಸುಲಭದ ದಾರಿ: ಮೊದಲು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರಿನಲ್ಲಿ ಡೀಇಂಟರ್‌ಲೇಸ್ (ಹೆಣೆದ ಗೆರೆ ಬಿಡಿಸುವುದು) ಹಾಕಿ, ಫ್ರೇಮ್‌ರೇಟ್ 25, ಕಾನ್‌ಸ್ಟಂಟ್ ಅಂತ ಕೊಟ್ಟು ಒಳ್ಳೆ ಗುಣಮಟ್ಟದ ಫೈಲ್ ಮಾಡಿ, ಅದನ್ನು ಡಿವಿಡಿಸ್ಟೈಲರಿಗೆ ಕೊಡಿ. ಚಲನೆಯ ನಯ ಸ್ವಲ್ಪ ಕಡಿಮೆಯಾಗುತ್ತದೆ, ಗಲೀಜಂತೂ ಬರುವುದಿಲ್ಲ.

ಚೌಕಿಮನೆ (ಸಾಗರ):

ತುಂಬಾ ಉಪಕಾರ ಆಯ್ತು. ಮೂರು ನಿಮಿಷದ ಪ್ರಯೋಗ ಮಾಡಿದೆ. ಎರಡು ತೊಂದರೆ. ಚಾಪ್ಟರ್ ಒತ್ತಿದರೆ ಭಾಗವತರ ಪದದ ಮೊದಲ ಅಕ್ಷರ ನುಂಗಿಹೋಗುತ್ತದೆ (ವಿಡಿಯೋವನ್ನು ಬೇರೆ ಕಡೆ ಎಂಪೆಗ್-2 ಮಾಡಿ ತಂದಿದ್ದೆ). ಇನ್ನೊಂದು, ಮೆನುವಿನ ಕನ್ನಡ ಓದಲು ಆಗುತ್ತಿಲ್ಲ. ಬಟನ್ ಆರಿಸಿದಾಗ ಅಕ್ಷರದ ಅಂಚು ಗರಗಸದ ಹಾಗೆ.

ತುಂಗೆದಂಡೆ (ಶಿವಮೊಗ್ಗ):

ಚಾಪ್ಟರ್ ವಿಷಯ: ಎಂಪೆಗ್-2 ವಿಡಿಯೋ ಫ್ರೇಮುಗಳ ಗುಂಪುಗಳಾಗಿ ಇರುತ್ತದೆ, ಪಾಲ್ ಡಿವಿಡಿಯಲ್ಲಿ ಗುಂಪಿಗೆ ಹೆಚ್ಚೆಂದರೆ 15 ಫ್ರೇಮ್. ಚಾಪ್ಟರ್ ಗುಂಪಿನ ತಲೆಯಲ್ಲಿ ಮಾತ್ರ ಕೂರುತ್ತದೆ. ಮೊದಲೇ ಎಂಪೆಗ್ ಆದ ಫೈಲಿನಲ್ಲಿ ನೀವು ಕೊಟ್ಟ ಸಮಯ ಹತ್ತಿರದ ತಲೆಗೆ ಜಾರುತ್ತದೆ, ಅರ್ಧ ಸೆಕೆಂಡಿನಷ್ಟು ಮುಂದಕ್ಕೆ ಹೋದರೂ ಪದದ ಮೊದಲ ಅಕ್ಷರ ಹೋಯಿತು. ಎಂಪೆಗ್ ಮಾಡುವ ಕೆಲಸವನ್ನು ಡಿವಿಡಿಸ್ಟೈಲರಿಗೇ ಬಿಡಿ. ಜೊತೆಗೆ ಗುರುತನ್ನು ಪದದ ಮೇಲೆ ಇಡಬೇಡಿ, ಒಂದು ಸೆಕೆಂಡು ಮುಂಚೆ, ಶ್ರುತಿ ಮಾತ್ರ ಕೇಳುವಲ್ಲಿ ಇಡಿ. ಟೈಟಲ್ ಪ್ರಾಪರ್ಟೀಸಿನ ಚಾಪ್ಟರ್ಸ್ ಜಾಗದಲ್ಲಿ ಸಮಯಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ಕೊಟ್ಟರಾಯಿತು. ಒಂದು ಟೈಟಲಿಗೆ 99 ಚಾಪ್ಟರಿನವರೆಗೆ ಅವಕಾಶ ಇದೆ, ನಿಮಗೆ ಹತ್ತು ಹನ್ನೆರಡು ಸಾಕು.

ದೃಶ್ಯಕ್ಕೊಂದು ಫೈಲ್ ಮಾಡಿ ಬೇರೆ ಬೇರೆ ಟೈಟಲ್ ಆಗಿ ಸೇರಿಸುವ ಉಪಾಯ ಹೊಳೆಯಬಹುದು, ಮಾಡಬೇಡಿ. ಒಂದು ಟೈಟಲಿಂದ ಇನ್ನೊಂದಕ್ಕೆ ಹಾರುವಾಗ ಪ್ಲೇಯರ್ ತಡೆಯುತ್ತದೆ, ಚೆಂಡೆಯ ಪೆಟ್ಟು ತುಂಡಾಗುತ್ತದೆ.

ಕನ್ನಡದ ವಿಷಯ: ಮೆನುವಿನಲ್ಲಿ ಆರಿಸಿದ ಬಟನ್ನಿಗೆ ಬಣ್ಣ ಬರುವುದು ಸಬ್‌ಪಿಕ್ಚರ್ ಎಂಬ ಪದರದಿಂದ. ಅದರಲ್ಲಿ ಪಾರದರ್ಶಕವೂ ಸೇರಿ ನಾಲ್ಕೇ ಬಣ್ಣ. ಅಂಚನ್ನು ನಯ ಮಾಡಲು ಬೇಕಾದ ನಡುವಿನ ಛಾಯೆಗಳು ಅಲ್ಲಿ ಇಲ್ಲ. ಇಂಗ್ಲಿಷಿನ ನೆಟ್ಟಗಿನ ದಪ್ಪ ಅಕ್ಷರ ಹೇಗೋ ಪಾರಾಗುತ್ತದೆ, ನಮ್ಮ ಗುಂಡು ಅಕ್ಷರ, ಕೆಳಗಿನ ಒತ್ತು ಚೂರು ಚೂರಾಗುತ್ತದೆ. ಅಕ್ಷರಗಳನ್ನು ಹಿನ್ನೆಲೆ ಚಿತ್ರದಲ್ಲೇ ಬರೆದುಬಿಡಿ, ಹೈಲೈಟಿಗೆ ಅಕ್ಷರ ಬಳಸದೆ ಪಕ್ಕದಲ್ಲೊಂದು ಚೌಕದ ಗುರುತೋ ಕೆಳಗೊಂದು ದಪ್ಪ ಗೆರೆಯೋ ಇಡಿ. ಗೆರೆ ಕನಿಷ್ಠ 4 ಪಿಕ್ಸೆಲ್ ಇರಲಿ, ಒಂದು ಪಿಕ್ಸೆಲ್ ಗೆರೆ ಟಿವಿಯಲ್ಲಿ ಮಿಣಮಿಣ ಅನ್ನುತ್ತದೆ.

ಹಿನ್ನೆಲೆ ಚಿತ್ರವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಕನ್ನಡ ಫಾಂಟಿನಿಂದ 1024×576ಕ್ಕೆ ಮಾಡಿ ಪಿಎನ್‌ಜಿ ತೆಗೆಯಿರಿ. 16:9 ಡಿವಿಡಿಯಲ್ಲೂ ಒಳಗೆ 720 ಪಿಕ್ಸೆಲ್ಲೇ ಇರುವುದು, ತೋರಿಸುವಾಗ ಅಗಲಕ್ಕೆ ಎಳೆಯುತ್ತದೆ. 720ಕ್ಕೇ ಬರೆದರೆ ಅಕ್ಷರ ಅಡ್ಡಕ್ಕೆ ಊದಿಕೊಳ್ಳುತ್ತದೆ. ಅಕ್ಷರದ ಎತ್ತರ 30 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ನಾಲ್ಕೂ ಅಂಚಿನಿಂದ ಹತ್ತನೇ ಒಂದು ಭಾಗ ಖಾಲಿ ಬಿಡಿ, ಹಳೇ ಟ್ಯೂಬ್ ಟಿವಿಗಳು ಅಂಚನ್ನು ನುಂಗುತ್ತವೆ. ಒಂದು ಪುಟಕ್ಕೆ ಆರು ಬಟನ್, ಉಳಿದದ್ದು ಮುಂದಿನ ಪುಟಕ್ಕೆ.

ಪುಸ್ತಕದಲ್ಲಿ ಫೋಟೋಶಾಪಿನ ಲೇಯರ್ ಹೆಸರಿಗೆ ಕೂಡಿಸುವ ಗುರುತು, ಸಮ ಗುರುತು ಸೇರಿಸುವ ಪಾಠ ಬರುತ್ತದೆ. ಅದು ಎನ್‌ಕೋರಿಗೆ ಇದು ಬಟನ್, ಇದು ಹೈಲೈಟ್ ಎಂದು ಗುರುತಿಸಿ ಹೇಳುವ ರೀತಿ. ನಿಮಗೆ ಬೇಡ, ದಾಟಿಹೋಗಿ.

ಅಡಿಕೆಅಟ್ಟ (ಹೊಸನಗರ):

ಡಿಸ್ಕ್ ಬರೆಯುವ ಬಗ್ಗೆ ಯಾರೂ ಹೇಳಿಲ್ಲ. ಡಿವಿಡಿಸ್ಟೈಲರಿನಿಂದ ನೇರ ಬರೆಯಬೇಡಿ. ಮೊದಲು ಐಎಸ್‌ಒ ಫೈಲ್ (ಇಡೀ ಡಿಸ್ಕಿನ ಪ್ರತಿ ಒಂದೇ ಫೈಲಿನಲ್ಲಿ) ಮಾಡಿ. ತಾತ್ಕಾಲಿಕ ಫೋಲ್ಡರ್ ಇರುವ ಡ್ರೈವಿನಲ್ಲಿ ಒಂದು ಡಿಸ್ಕಿಗೆ 10 ಜಿಬಿಯಾದರೂ ಜಾಗ ಇರಲಿ. ಫೈಲ್, ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಡಿ. ಐಎಸ್‌ಒವನ್ನು ವಿಎಲ್‌ಸಿಯಲ್ಲಿ ನೋಡಿ, ಎಲ್ಲ ಬಟನ್ ಒತ್ತಿ, ಒಂದು ಆರ್‌ಡಬ್ಲ್ಯೂ ಡಿಸ್ಕಿಗೆ ಬರೆದು ಎರಡು ಮೂರು ಮನೆಯ ಪ್ಲೇಯರಿನಲ್ಲಿ ಹಾಕಿ ನೋಡಿ. ಹಳೇ ಪ್ಲೇಯರ್ ಆರ್‌ಡಬ್ಲ್ಯೂ ಓದದಿದ್ದರೆ ಅದೇ ಕಾರಣಕ್ಕೆ ಗಾಬರಿ ಬೀಳಬೇಡಿ, ಅದಕ್ಕೊಂದು ಡಿವಿಡಿ-ಆರ್ ವ್ಯಯ ಮಾಡಿ.

ಆಮೇಲೆ ಇಮ್ಗ್‌ಬರ್ನ್ ಎಂಬ ಡಿಸ್ಕ್ ಬರೆಯುವ ಸಾಫ್ಟ್‌ವೇರಿನಲ್ಲಿ ಡಿವಿಡಿ-ಆರ್‌ಗೆ, 8ಎಕ್ಸ್ ವೇಗದಲ್ಲಿ, ವೆರಿಫೈ ಗುರುತು ಹಾಕಿ. ಬರೆಯಲು ಏಳೆಂಟು ನಿಮಿಷ, ತಾಳೆ ನೋಡಲು ಹೆಚ್ಚುಕಡಿಮೆ ಅಷ್ಟೇ. 25 ಸೆಟ್ ಅಂದರೆ 50 ಡಿಸ್ಕ್, ಒಂದೇ ಡ್ರೈವಿನಲ್ಲಿ 12 ಗಂಟೆಗೂ ಮೀರಿದ ಕೆಲಸ. ಹತ್ತು ಡಿಸ್ಕಿಗೊಮ್ಮೆ ಡ್ರೈವ್ ಆರಲು ಬಿಡಿ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಎನ್‌ಕೋಡ್ ಆಗುವಾಗ ಕರೆಂಟು ಹೋದರೆ ಸಮಯ ಹೋಯಿತು ಅಷ್ಟೇ, ಬರೆಯುವಾಗ ಹೋದರೆ ಡಿಸ್ಕೇ ಹೋಯಿತು.

ಡಿಸ್ಕಿನ ಮೇಲೆ ಕಾಗದದ ಸ್ಟಿಕ್ಕರ್ ಬೇಡ. ನಮ್ಮ ಥಂಡಿಗೆ ಅಂಟು ಉಬ್ಬಿ ಒಂದು ಬದಿ ಏಳುತ್ತದೆ, ತಿರುಗುವಾಗ ಡಿಸ್ಕ್ ಅದುರುತ್ತದೆ, ಸ್ಲಾಟಿನ ಪ್ಲೇಯರಿನೊಳಗೆ ಸಿಕ್ಕಿಕೊಂಡರೆ ರಿಪೇರಿ ಖರ್ಚು ಬೇರೆ. ಸಿಡಿ ಮಾರ್ಕರಿನಲ್ಲಿ ಬರೆದರೆ ಸಾಕು.

ಚೌಕಿಮನೆ (ಸಾಗರ):

ಐಎಸ್‌ಒ ಆಯಿತು, ಆರ್‌ಡಬ್ಲ್ಯೂ ಓಡಿತು. ಚಾಪ್ಟರ್ ಈಗ ಸರಿಯಾಗಿ ಬೀಳುತ್ತದೆ. ಒಂದೇ ಒಂದು: ಆಟದ ನಡುವೆ ರಿಮೋಟಿನ "ಮೆನು" ಒತ್ತಿದರೆ ಏನೂ ಆಗಲ್ಲ.

ತುಂಗೆದಂಡೆ (ಶಿವಮೊಗ್ಗ):

ರಿಮೋಟಿನಲ್ಲಿ ಎರಡು ಬೇರೆ ಕೀ ಇರುತ್ತವೆ. "ಟೈಟಲ್" ಕೀ ಇಡೀ ಡಿಸ್ಕಿನ ಮೆನುವಿಗೆ ಕರೆದುಕೊಂಡು ಹೋಗುತ್ತದೆ. "ಮೆನು" ಕೀ ಆಗ ಓಡುತ್ತಿರುವ ಟೈಟಲ್‌ಸೆಟ್ಟಿನ (ಟೈಟಲುಗಳ ಗುಂಪಿನ) ರೂಟ್ ಮೆನುವನ್ನು ಹುಡುಕುತ್ತದೆ. ನೀವು ಮಾಡಿದ್ದು ಮೊದಲನೆಯದನ್ನು ಮಾತ್ರ. ಟೈಟಲ್‌ಸೆಟ್ಟಿಗೆ ಇನ್ನೊಂದು ಮೆನು ಸೇರಿಸಿ ದೃಶ್ಯಗಳ ಪಟ್ಟಿಯನ್ನು ಅಲ್ಲಿಗೆ ಹಾಕಿದರೆ ಎರಡೂ ಕೀ ಕೆಲಸ ಮಾಡುತ್ತವೆ. ಸದ್ಯಕ್ಕೆ "ಟೈಟಲ್" ಒತ್ತಿ ನೋಡಿ.