ಹೈದರಾಬಾದ್–ಜೆದ್ದಾ: ಹೋಗೋಕೆ ಮೂರು ಗಂಟೆ, ಬರೋಕೆ ಏಳೂವರೆ?

ಪ್ರಶ್ನೆ (ಕಲಬುರಗಿ): ಅಬ್ಬಾ, ಅಮ್ಮಿ ಇಬ್ಬರೂ ಉಮ್ರಾಗೆ (ಮೆಕ್ಕಾ ಯಾತ್ರೆಗೆ) ಹೊರಟಿದ್ದಾರೆ. ಜನವರಿ 12ಕ್ಕೆ ಹೈದರಾಬಾದಿನಿಂದ ಜೆದ್ದಾಕ್ಕೆ ನೇರ ವಿಮಾನ. ಟಿಕೆಟ್‌ನಲ್ಲಿ ಬೆಳಗಿನ ಜಾವ 4:10ಕ್ಕೆ ಬಿಟ್ಟು 7:25ಕ್ಕೆ ಮುಟ್ಟುತ್ತದೆ ಅಂತಿದೆ. ವಾಪಸ್ ಬರುವಾಗ ರಾತ್ರಿ 10:30ಕ್ಕೆ ಬಿಟ್ಟು ಮರುದಿನ ಬೆಳಿಗ್ಗೆ 6:05ಕ್ಕೆ. ದಾರಿ ಒಂದೇ ಅಲ್ವಾ? ಇದು ಹೇಗೆ? ಅಬ್ಬಾಗೆ ಮಂಡಿನೋವು, ಎಷ್ಟು ಹೊತ್ತು ಕೂರಬೇಕು ಅಂತ ಕೇಳುತ್ತಿದ್ದಾರೆ.

ಉತ್ತರ (ಟಿಕೆಟ್ ಏಜೆಂಟ್, ಕಲಬುರಗಿ): ಟಿಕೆಟ್ ಸರಿಯಾಗೇ ಇದೆ. ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಮುಟ್ಟುವ ಹೊತ್ತು ಮುಟ್ಟುವ ಊರಿನದ್ದು. ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಜೆದ್ದಾದಲ್ಲಿ 7:25 ಆದಾಗ ನಿಮ್ಮ ಮನೆ ಗಡಿಯಾರದಲ್ಲಿ 9:55. ಹಾಗಾಗಿ ಹೋಗುವಾಗ ಐದೂಮುಕ್ಕಾಲು ಗಂಟೆ. ಅಲ್ಲಿನ ರಾತ್ರಿ 10:30 ಅಂದರೆ ಇಲ್ಲಿ ಒಂದು ಗಂಟೆ. ಬರುವಾಗ ಐದು ಗಂಟೆ ಐದು ನಿಮಿಷ.

ಪ್ರಶ್ನೆ (ಯಾದಗಿರಿ): ಆದರೂ ನಲವತ್ತು ನಿಮಿಷ ಫರಕ್ ಉಳಿಯಿತಲ್ಲ?

ಉತ್ತರ: ಅದು ಗಾಳಿ. ಚಳಿಗಾಲದಲ್ಲಿ ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಡುವಣದಿಂದ ಜೋರಾಗಿ ಗಾಳಿ ಬೀಸುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ. ಮಳೆಗಾಲದಲ್ಲಿ ನಮ್ಮ ಕಡೆ ಮೇಲಿನ ಗಾಳಿ ಮೂಡಣದಿಂದ ಬರುತ್ತದೆ, ಆಗ ಈ ಫರಕ್ ಜಾಸ್ತಿ ಇರುವುದಿಲ್ಲ.

ದೂರ, ನೇರ ಗೆರೆ ಎಳೆದರೆ ಸುಮಾರು 4,100 ಕಿ.ಮೀ. ವಿಮಾನ ಗಂಟೆಗೆ 850ರ ಆಸುಪಾಸಿನಲ್ಲಿ ಹಾರುತ್ತದೆ. ಭಾಗಿಸಿದರೆ ಐದು ಗಂಟೆಯೂ ಆಗುವುದಿಲ್ಲ. ಆದರೆ ವಿಮಾನವೇನು ಗೆರೆ ಹಿಡಿದು ಹಾರುವುದಿಲ್ಲ, ಗೊತ್ತುಮಾಡಿದ ದಾರಿಯಲ್ಲೇ ಹೋಗಬೇಕು. ಏರೋದು, ಇಳಿಯೋದು, ರನ್‌ವೇವರೆಗೆ ತೆವಳೋದು ಎಲ್ಲವೂ ಟಿಕೆಟ್ಟಿನ ಹೊತ್ತಿನಲ್ಲೇ ಸೇರಿದೆ.

ಪ್ರಶ್ನೆ (ಕಲಬುರಗಿ): ನಮ್ಮೂರಿಂದಲೇ ಹೋಗಲು ಆಗಲ್ವಾ? ಇಲ್ಲೂ ಏರ್‌ಪೋರ್ಟ್ ಇದೆಯಲ್ಲ.

ಉತ್ತರ: 2019ರ ನವೆಂಬರ್‌ನಲ್ಲಿ ಶುರುವಾಯಿತು, ನಿಜ. ಆದರೆ ಇಲ್ಲಿಂದ ಹೊರದೇಶಕ್ಕೆ ವಿಮಾನ ಇಲ್ಲ. ಹೈದರಾಬಾದಿನ ಶಂಷಾಬಾದ್ ಏರ್‌ಪೋರ್ಟೇ ಗತಿ. ಕಮಲಾಪುರ, ಹುಮನಾಬಾದ್, ಜಹೀರಾಬಾದ್ ಮೇಲೆ ಹೋಗಿ ಹೊರವರ್ತುಲ ರಸ್ತೆ ಹಿಡಿಯಿರಿ. ಸುಮಾರು 230 ಕಿ.ಮೀ. ವಯಸ್ಸಾದವರಿದ್ದರೆ ಚಹಾಕ್ಕೆ ನಿಂತು ಐದು ಗಂಟೆ ಹಿಡಿಯಿರಿ. ಬೀದರ್‌ನವರು ಜಹೀರಾಬಾದಿನಲ್ಲೇ ಈ ದಾರಿಗೆ ಸೇರಿಬಿಡುತ್ತಾರೆ, ಅವರಿಗೆ ಸಲೀಸು.

ಒಂದು ಮಾತು ಕೇಳಿ. ನಾನು ಟಿಕೆಟ್ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಡುವುದು ಹಾರಾಟದ ಹೊತ್ತನ್ನಲ್ಲ, ಮನೆ ಬಿಡುವ ತಾರೀಖನ್ನು. 12ರ ಬೆಳಗಿನ ಜಾವ 4:10 ಅಂದರೆ 11ರ ಸಂಜೆಯೇ ಹೊರಡಬೇಕು. ರಾತ್ರಿ ಹನ್ನೆರಡರ ಒಳಗೆ ಏರ್‌ಪೋರ್ಟ್ ಸೇರಬೇಕು, ಆರೂವರೆಗೆ ಊರು ಬಿಟ್ಟರೆ ನಿರಾಳ. ಹಿಂದೊಮ್ಮೆ ನನ್ನ ಗಿರಾಕಿಯೊಬ್ಬರು ಇಂಥದ್ದೇ ವಿಮಾನಕ್ಕೆ ಒಂದು ದಿನ ತಡವಾಗಿ ಕಾರು ಹೇಳಿದ್ದರು. ಹೊರಡಬೇಕಾದ ಸಂಜೆ ನಾನು ಸುಮ್ನೆ ಫೋನ್ ಮಾಡಿ ಎಲ್ಲಿದ್ದೀರಿ ಅಂದರೆ, 'ಸೂಟ್‌ಕೇಸ್ ತರಲು ಸೂಪರ್ ಮಾರ್ಕೆಟ್‌ಗೆ ಬಂದಿದ್ದೇವೆ' ಅಂದರು! ಅವತ್ತು ಗಂಟುಮೂಟೆ ಕಟ್ಟಿಕೊಂಡು ಓಡಿದ್ದೇ ಓಡಿದ್ದು.

ಅಬ್ಬಾಗೆ ನಡುದಾರಿ ಪಕ್ಕದ ಸೀಟು ಹಾಕಿಸಿ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಗಾಲಿಕುರ್ಚಿ ಬೇಕಿದ್ದರೆ ಈಗಲೇ ಹೇಳಿ. ಜೆದ್ದಾದಲ್ಲಿ ಇಳಿಯುವ ಮೊದಲೇ ವಿಮಾನ ಮೀಕಾತ್ (ಇಹ್ರಾಮ್, ಅಂದರೆ ಯಾತ್ರೆಯ ಬಟ್ಟೆ, ಉಟ್ಟುಕೊಂಡೇ ದಾಟಬೇಕಾದ ಗಡಿ) ದಾಟುತ್ತದೆ. ಇಹ್ರಾಮ್ ಹೈದರಾಬಾದಿನಲ್ಲೇ ಉಟ್ಟುಕೊಳ್ಳಲಿ, ವಿಮಾನದ ಶೌಚಾಲಯದಲ್ಲಿ ಆ ಬಟ್ಟೆ ಸುತ್ತಿಕೊಳ್ಳೋದು ಕಷ್ಟ.

ಕೇಳಿದವರು: ಶುಕ್ರಿಯಾ ಅಣ್ಣ. ಕಾರು 12ರ ಸಂಜೆಗೇ ಹೇಳಿದ್ದೆ. ಈಗಷ್ಟೇ ಡ್ರೈವರ್‌ಗೆ ಫೋನ್ ಮಾಡಿ ಬದಲಾಯಿಸಿದೆ.